ಬೂದಿ ನೀರು ತಾಗಿದ ಸೀರೆ

ಆ ದಿನ ಅಂಬಕ್ಕನ ಅಂಗಳದಲ್ಲಿ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ‘ಬೂದಿ ನೀರು ಹಾಕಿದಾಕಿ ನಾನರಿ’ ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಲು ಸಾಲಿಗೆ ಹೋಗುವುದೂ ಬೇಕಿರಲಿಲ್ಲ. ನಾನಾದರೋ ಐದನೇ ಇಯತ್ತೆ ಮುಗಿಸಿದವಳು, ಪಾಟಿಯ ಮೇಲೆ ‘ಸತ್ಯವನ್ನೇ ನುಡಿಯಬೇಕು’ ಎಂದು ದುಂಡಗೆ ಬರೆದು ಮಾಸ್ತರರಿಂದ ಶಾಭಾಸ್ ಅನ್ನಿಸಿಕೊಂಡವಳು. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ನನ್ನ ಅಕ್ಕ ನೀಲವ್ವ ಆರು ವರ್ಷ ಓಣಿಯಲ್ಲಿ ತಲೆ ತಗ್ಗಿಸಿ ನಡೆದಳು.

ಇಷ್ಟು ಹಳೆಯ ಮಾತು ಈಗ ಯಾಕೆ ಎಂದು ನೀವು ಕೇಳಬಹುದು. ಮೊನ್ನೆ ನನ್ನ ಸೊಸೆ ಪೇಟೆಯಿಂದ ಒಂದು ಬಾಟಲಿ ತಂದಳು. ಪಾತ್ರೆ ತೊಳೆಯುವ ನೀರಂತೆ. ಮೇಲೆ ಒಂದು ಹಸಿರು ಎಲೆ, ಎಲೆಯ ಕೆಳಗೆ ಮೂರು ಅಂಟುವಾಳಕಾಯಿಯ ಚಿತ್ರ. ‘ಅತ್ತಿ, ಇದ್ರಾಗ ಏನೂ ಕೆಮಿಕಲ್ ಇಲ್ಲರಿ. ಬರೇ ಅಂಟವಾಳ, ನಿಂಬಿಹಣ್ಣು. ಹಳೇ ಕಾಲದ್ದು’ ಎಂದು ಖುಷಿಯಿಂದ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು. ಗುಲಾಬಿ ಹೂವಿನ ವಾಸನೆ! ನನಗೆ ಎಲ್ಲಿತ್ತೋ ಸಿಟ್ಟು. ‘ಒಯ್ದು ಮೋರಿಗೆ ಸುರವು!’ ಎಂದು ಕೂಗಿಬಿಟ್ಟೆ. ಹುಡುಗಿ ಬೆಪ್ಪಾಗಿ ನಿಂತಳು. ಅವಳದೇನು ತಪ್ಪು? ಅಂಟುವಾಳಕ್ಕೆ ಗುಲಾಬಿಯ ವಾಸನೆ ಇರುವುದಿಲ್ಲ, ನೆನೆಸಿಟ್ಟ ಅಂಟುವಾಳ ಹಳಸಿದ ಬೆಲ್ಲದ ಹಾಗೆ ನಾರುತ್ತದೆ, ಆ ವಾಸನೆ ನನ್ನ ಅಕ್ಕನ ಕೈಯಿಂದ ಎಂದೂ ಹೋಗುತ್ತಿರಲಿಲ್ಲ ಎಂಬುದು ಅವಳಿಗೆ ಹೇಗೆ ತಿಳಿಯಬೇಕು? ಯಾರ ಮೇಲೋ ಇದ್ದ ಸಿಟ್ಟು ಅವಳ ಮೇಲೆ ಹೋಯಿತು. ಬಹುತೇಕ ನನ್ನ ಮೇಲೇ ಇದ್ದದ್ದು.

ನಮ್ಮದು ಮುರಗೋಡ. ಅವ್ವ ನಾನು ಆರು ವರ್ಷದವಳಿದ್ದಾಗ ತೀರಿಕೊಂಡಳು. ಅಪ್ಪ ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ತೂಕ ಮಾಡುವ ಕೆಲಸಕ್ಕಿದ್ದ, ಸೋಮವಾರ ಹೋದರೆ ಶನಿವಾರ ಬರುತ್ತಿದ್ದ. ಮನೆ ಎಂದರೆ ಅಕ್ಕ ಮತ್ತು ನಾನು. ನನಗಿಂತ ಅವಳು ಎಂಟು ವರ್ಷ ದೊಡ್ಡವಳು. ನನ್ನನ್ನು ಸಾಕುವ ಸಲುವಾಗಿ ಸಾಲಿ ಬಿಟ್ಟಳು, ಬಂದ ಎರಡು ಸಂಬಂಧಗಳನ್ನೂ ಬಿಟ್ಟಳು. ಬಿಡದೆ ಹಿಡಿದುಕೊಂಡಿದ್ದು ಒಂದೇ, ತೊಳೆಯುವ ಕೆಲಸ.

ನಗಬೇಡಿ. ತೊಳೆಯುವುದು ಎಲ್ಲರಿಗೂ ಬರುತ್ತದೆ ಎಂದುಕೊಂಡಿದ್ದೀರಿ. ನನಗೂ ಹಾಗೇ ಅನ್ನಿಸಿತ್ತು. ಅಕ್ಕನ ಲೆಕ್ಕದಲ್ಲಿ ಒಂದೊಂದು ಹೊಲಸಿಗೆ ಒಂದೊಂದು ಮದ್ದು. ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಮತ್ತು ಜರಡಿ ಹಿಡಿದ ಇಟ್ಟಂಗಿ ಪುಡಿ. ಹಾಲಿನ ಗಡಿಗೆಗೆ ಬಿಸಿ ಬೂದಿ. ಹಲ್ಲಿಗೆ ಕುಳ್ಳಿನ ಇದ್ದಲಿ, ಉಪ್ಪು, ಎರಡು ಲವಂಗ. ಎಣ್ಣೆ ಕುಡಿದ ದಪ್ಪ ಅರಿವೆಗೆ ಬೂದಿ ನೀರು. ಆ ಬೂದಿಯಾದರೂ ಒಲೆಯಿಂದ ಬಾಚಿದ್ದಲ್ಲ. ಹೊಲದ ಬದುವಿನ ಉತ್ತರಾಣಿ ಗಿಡ ಕಿತ್ತು ಒಣಗಿಸಿ, ಹತ್ತಿಕಟ್ಟಿಗೆಯ ಜೊತೆ ಸುಟ್ಟು ಮಾಡಿದ ಬೂದಿ. ತಳದಲ್ಲಿ ತೂತು ಕೊರೆದ ಗಡಿಗೆಗೆ ಹುಲ್ಲು ಹಾಸಿ, ಮೇಲೆ ಬೂದಿ ತುಂಬಿ, ಅದರ ಮೇಲೆ ನೀರು ಬಿಡುವಳು. ಕೆಳಗಿನ ಗಡಿಗೆಗೆ ಚಹದ ಬಣ್ಣದ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಅಕ್ಕ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಮುಖ ಕಿವುಚಿ, ‘ಚುರ್ ಅಂತು, ಆತು’ ಎನ್ನುವಳು. ನಾನೂ ಒಮ್ಮೆ ದೊಡ್ಡವಳ ಹಾಗೆ ಬೆರಳಲ್ಲ, ಬೊಗಸೆಯನ್ನೇ ಅದ್ದಿ ನೆಕ್ಕಿದೆ. ಎರಡು ದಿನ ರೊಟ್ಟಿಯ ರುಚಿ ಗೊತ್ತಾಗಲಿಲ್ಲ.

ಅಂಟುವಾಳ ಮಾತ್ರ ನಾಜೂಕಿನ ಅರಿವೆಗೆ. ನಮ್ಮ ಕರಿಮಣ್ಣಿನ ಸೀಮೆಯಲ್ಲಿ ಆ ಮರ ಎಲ್ಲಿದೆ? ಕಿತ್ತೂರಿನ ಆಚೆಯ ಒಬ್ಬ ಮುದುಕಿ ವರ್ಷಕ್ಕೆ ಒಂದೆರಡು ಸಲ ಬುಟ್ಟಿ ಹೊತ್ತು ಬಸ್ಸಿಳಿಯುತ್ತಿದ್ದಳು. ಅಕ್ಕ ಕಾಯಿ ಅಲುಗಿಸಿ, ಒಳಗಿನ ಬೀಜ ಗಡಗಡ ಎಂದರೆ ಮಾತ್ರ ತೆಗೆದುಕೊಳ್ಳುವಳು. ಕಾಯಿ ಒಡೆದು ಬೀಜ ತೆಗೆಯುವುದು ನನ್ನ ಕೆಲಸ. ಒಂದು ಬೀಜ ಉಳಿದಿದ್ದರೂ ಗೆಣ್ಣಿನ ಮೇಲೆ ಏಟು. ಸಿಪ್ಪೆಯನ್ನು ರಾತ್ರಿಯಿಡೀ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿದರೆ ಅಕ್ಕನ ಅಂಟುವಾಳದ ನೀರು. ಓಣಿಯ ಹೆಂಗಸರು ಗಿಂಡಿ ಹಿಡಿದುಕೊಂಡು ಬರುತ್ತಿದ್ದರು. ‘ನೀಲವ್ವಾ, ನಿನ್ನ ಕೈಗುಣಾನ ಬ್ಯಾರೆ ಬಿಡು’ ಎನ್ನುತ್ತಿದ್ದರು. ಆಗ ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಗುವ ರೀತಿ ನೀವು ನೋಡಬೇಕಿತ್ತು. ಸಂಬಂಧ ನೋಡಲು ಬಂದವರ ಮುಂದೆಯೂ ಅವಳು ಹಾಗೆ ನಕ್ಕಿರಲಿಲ್ಲ. ಆ ಒಂದು ಮಾತೇ ಅವಳ ಆಸ್ತಿ. ಅದನ್ನೇ ನಾನು ಸುಟ್ಟೆ.

ಎಪ್ಪತ್ತೊಂದೋ ಎಪ್ಪತ್ತೆರಡೋ ಇರಬೇಕು, ಬೇಸಿಗೆ. ಮೂಲೆಮನೆಯ ಅಂಬಕ್ಕನ ಮಗಳ ಮದುವೆ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅಂಬಕ್ಕನ ಅತ್ತೆಯ ಕಾಲದ್ದೊಂದು ಬಿಳಿಯ ನೂಲಿನ ಸೀರೆ. ಮನೆಯಲ್ಲಿ ಯಾವ ಮದುವೆಯಾದರೂ ಐದು ಜನ ಮುತ್ತೈದೆಯರು ಅದನ್ನು ಎಲ್ಲರ ಮುಂದೆ ಅರಿಶಿಣದ ನೀರಿನಲ್ಲಿ ಅದ್ದಬೇಕು, ಹಸಿಯಿರುವಾಗಲೇ ಹುಡುಗಿ ಅದನ್ನು ಉಟ್ಟು ಸುರಗಿ ನೀರಿಗೆ, ಅಂದರೆ ಮದುವೆಯ ಸ್ನಾನಕ್ಕೆ, ಕೂರಬೇಕು. ಮದುವೆ ಮುಗಿದ ಮೇಲೆ ತೊಳೆದು ಟ್ರಂಕಿಗೆ. ಹತ್ತು ವರ್ಷ ಒಳಗಿದ್ದ ಆ ಸೀರೆಯ ಮುಗ್ಗಲು ವಾಸನೆ ಹೋಗಬೇಕಿತ್ತು. ಸಾಬೂನು ಹಾಕುವಂತಿಲ್ಲ, ಸಾಬೂನಿನಲ್ಲಿ ಏನೇನೋ ಕೊಬ್ಬು ಇರುತ್ತದೆ, ಶುಭದ ಅರಿವೆಗೆ ಆಗದು ಎಂಬ ನಂಬಿಕೆ. ಅಂಬಕ್ಕ ತಾನೇ ನಮ್ಮ ಮನೆಗೆ ಬಂದು ಸೀರೆಯನ್ನು ಅಕ್ಕನ ಮಡಿಲಲ್ಲಿಟ್ಟು, ‘ನಿನ್ನ ಬಿಟ್ಟು ಯಾರ ಕೈಯಾಗೂ ಕೊಡೂದಿಲ್ಲ ನೋಡವಾ’ ಎಂದಳು.

ಅಕ್ಕ ಮನೆಯಲ್ಲಿ ಉಳಿದಿದ್ದ ಅಂಟುವಾಳವನ್ನೆಲ್ಲ ನೆನೆಹಾಕಿದಳು. ಬೆಳಗ್ಗೆ ತೊಳೆಯಬೇಕು ಎನ್ನುವಷ್ಟರಲ್ಲಿ, ಅಪ್ಪನಿಗೆ ಜ್ವರ ಬಂದಿದೆ ಎಂದು ಬೈಲಹೊಂಗಲದಿಂದ ಹೇಳಿಕಳಿಸಿದರು. ಬಸ್ಸಿಗೆ ಓಡುತ್ತಲೇ ಹೇಳಿದಳು: ‘ಕಮಲಿ, ಸೀರಿ ನೀನ ತೊಳಿ. ಅಂಟವಾಳ ನೀರಾಗ ಮೂರು ಸಲ ಅದ್ದು, ಮೂರು ನೀರಿಗೆ ಹಿಂಡು. ಬೂದಿ ನೀರಿನ ಗಡಿಗಿ ಹತ್ರ ಒಯ್ಯಬ್ಯಾಡ. ಅರಿಶಿಣಕ್ಕೂ ಬೂದಿಗೂ ಆಗಿಬರೂದಿಲ್ಲ.’

‘ಗೊತ್ತೈತಿ ಹೋಗ’ ಎಂದೆ. ಗೊತ್ತಿತ್ತು ನನಗೆ. ಗೊತ್ತಿಲ್ಲದೆ ಮಾಡಿದ್ದೆ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಆಗ ನನಗೆ ಹದಿನಾಲ್ಕು. ನನ್ನ ಕೂದಲು ಸೊಂಟದ ಕೆಳಗೆ ಇಳಿಯುತ್ತಿತ್ತು. ಈಗಿನ ಈ ಇಲಿಬಾಲ ನೋಡಿ ನೀವು ನಂಬುವುದಿಲ್ಲ, ಇರಲಿ. ಮರುದಿನ ಮದುವೆಮನೆಗೆ ಇಡೀ ಊರು ಬರುತ್ತದೆ. ಅಂಗಳದಲ್ಲಿ ಗಡಿಗೆಯ ತುಂಬ ಅಂಟುವಾಳದ ನೀರು, ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಚಂಬು ತಲೆಗೆ ಹಾಕಿಕೊಂಡರೆ ಏನಾದೀತು ಅಂದುಕೊಂಡೆ. ಒಂದು ಚಂಬು ಎರಡಾಯಿತು. ನೊರೆ ಬಂದ ಹಾಗೆಲ್ಲ ಆಸೆ ಬಂತು. ಕೊನೆಗೆ ಗಡಿಗೆಯಲ್ಲಿ ಉಳಿದಿದ್ದು ತಳದ ಚರಟ.

ಹೆದರಿದೆ. ಮೂಲೆಯಲ್ಲಿ ಬೂದಿ ನೀರಿನ ಗಡಿಗೆ ಇತ್ತು. ಒಂದು ಸಲಕ್ಕೆ ಏನಾಗುತ್ತದೆ ಎಂದು ಸೀರೆಯನ್ನು ಅದರಲ್ಲಿ ಅದ್ದಿದೆ. ಮಡಿಕೆಗಳಲ್ಲಿ ಉಳಿದಿದ್ದ ಹಳೆಯ ಅರಿಶಿಣ ಅಲ್ಲಲ್ಲಿ ತಿಳಿಗೆಂಪಾಗಿ ಎದ್ದಿತು. ತಿಕ್ಕಿದೆ, ಹೋಯಿತು. ಬಾವಿ ದೂರ, ಬಿಸಿಲು ಜೋರು, ನನ್ನ ತಲೆ ಬೇರೆ ಒಣಗಿಸಬೇಕು. ಮೂರು ನೀರಿನ ಬದಲು ಒಂದೇ ನೀರಿಗೆ ಹಿಂಡಿ ಹಗ್ಗಕ್ಕೆ ಹಾಕಿದೆ. ಒಣಗಿದ ಸೀರೆ ಮಲ್ಲಿಗೆಯಷ್ಟು ಬಿಳಿ.

ಸಂಜೆ ಅಕ್ಕ ಬಂದು ಸೀರೆ ಬಿಚ್ಚಿ ನೋಡಿ, ‘ಅಂಟವಾಳದಾಗ ತೊಳದೀಯಲ್ಲ?’ ಎಂದಳು.

‘ಹೂಂ’ ಎಂದೆ.

‘ಚೊಲೋ ಆಗೇತಿ’ ಎಂದು ನನ್ನ ತಲೆ ನೇವರಿಸಿದಳು. ಕೂದಲ ನುಣುಪು ಅವಳ ಕೈಗೆ ತಿಳಿಯಿತೋ ಇಲ್ಲವೋ, ಅಂದು ಅವಳು ಏನೂ ಅನ್ನಲಿಲ್ಲ.

ಮರುದಿನ ಅಂಬಕ್ಕನ ಅಂಗಳದ ನಡುವೆ ದೊಡ್ಡ ತಾಮ್ರದ ಹಂಡೆ, ಅದರ ತುಂಬ ಅರಿಶಿಣದ ನೀರು. ಐದು ಜನ ಮುತ್ತೈದೆಯರು ಹಾಡು ಹೇಳುತ್ತ ಸೀರೆಯನ್ನು ಇಳಿಬಿಟ್ಟರು. ಹಳದಿ ಏರಬೇಕಾದ ಸೀರೆಗೆ ಕೆಂಪು ಏರಿತು. ಸೆರಗಿನಿಂದ ಶುರುವಾಗಿ, ಹೆಂಗಸರ ಕೈಯಲ್ಲಿ ನೋಡನೋಡುತ್ತಲೇ, ರಕ್ತದಲ್ಲಿ ಅದ್ದಿ ತೆಗೆದ ಹಾಗೆ. ಹಾಡು ನಿಂತಿತು.

‘ಯವ್ವಾ, ಇದೇನಿದು!’ ಎಂದು ಅಂಬಕ್ಕ ಕೂಗಿದಳು.

ನಮ್ಮ ಪಕ್ಕದ ಮನೆಯ ನಿಂಗವ್ವ ಅಲ್ಲೇ ನಿಂತಿದ್ದಳು. ಅವಳ ನಾಲಿಗೆಗೆ ಯಾವ ಬೂದಿ ನೀರೂ ಸಾಟಿಯಲ್ಲ. ‘ತೊಳದಾಕಿನ್ನ ಕೇಳ್ರಿ, ಹೊರಗಾಗಿದ್ದಳೇನು ಅಂತ. ಮೊನ್ನಿ ಹಿತ್ತಲದಾಗ ಒಬ್ಬಾಕಿನ ಕುಂತಿದ್ದು ನಾ ಕಣ್ಣಾರೆ ಕಂಡೇನಿ.’

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಂಬಕ್ಕ ಕೇಳಿದಳು, ‘ನೀಲವ್ವ, ಖರೇ ಹೇಳು. ಮುಟ್ಟಾಗಿ ಸೀರಿ ಮುಟ್ಟೀಯೇನು?’

ಅಷ್ಟು ಜನರ ಮುಂದೆ, ಗಂಡಸರೂ ಚಪ್ಪರದ ಕೆಳಗೆ ಕೂತಿದ್ದಾಗ, ಆ ಮಾತು. ಅಕ್ಕನ ಮುಖ ಸೀರೆಗಿಂತ ಕೆಂಪಾಯಿತು. ಆದರೂ ಮುಂದೆ ಬಂದು ಸೀರೆಯ ತುದಿ ಮೂಗಿಗೆ ಹಿಡಿದಳು. ಹಿಡಿದ ಕೂಡಲೇ ಅವಳಿಗೆ ತಿಳಿದುಹೋಯಿತು.

‘ಇಲ್ಲರಿ ಅಂಬಕ್ಕಾ. ಇದಕ್ಕ ಬೂದಿ ನೀರು ತಾಗೈತಿ. ಒಂದು ತಂಬಿಗಿ ಹುಣಸಿ ನೀರು ತರ್ರಿ, ಈಗಿಂದೀಗ ಹಳದಿ ಮಾಡಿ ಕೊಡತೇನಿ.’

‘ಬೂದಿ ನೀರು ನೀ ಹಾಕಿದೇನು?’

‘ಇಲ್ಲರಿ.’

‘ಮತ್ತ ಯಾರು ಹಾಕಿದ್ರು?’

ಅಕ್ಕ ನನ್ನ ಕಡೆ ನೋಡಿದಳು. ಬಹಳ ಹೊತ್ತಲ್ಲ. ಒಂದು ಉಸಿರು ಎಳೆದು ಬಿಡುವಷ್ಟು. ಅವಳು ನನ್ನ ಹೆಸರು ಹೇಳುವವಳಲ್ಲ, ನಾನಾಗಿ ಹೇಳಲಿ ಎಂದು ದಾರಿ ಬಿಟ್ಟು ನಿಂತಳು. ನಾನು ನನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಅದರ ತುದಿಯ ರಿಬ್ಬನ್ನು ನೋಡುತ್ತ ನಿಂತೆ. ಮಿಂಚುತ್ತಿತ್ತು ಜಡೆ. ಎಲ್ಲರೂ ಅಂದು ಅದನ್ನು ಹೊಗಳಿದ್ದರು.

‘ನೋಡ್ರಿ, ಬಾಯಿ ಕಟ್ಟಿತು’ ಎಂದಳು ನಿಂಗವ್ವ.

ಅಕ್ಕ ಹುಣಸೆಹಣ್ಣಿಗಾಗಿ ಅಡುಗೆಮನೆಯ ಕಡೆ ಕಾಲು ಇಟ್ಟಳು. ಅಂಬಕ್ಕ ಅಡ್ಡ ನಿಂತು, ‘ಬ್ಯಾಡ, ಒಳಗ ಬರಬ್ಯಾಡ, ಹಿತ್ತಲ ಬಾಗಲದಿಂದ ಹೋಗಿಬಿಡವಾ’ ಎಂದಳು. ಬಯ್ದಿದ್ದರೂ ಆಗುತ್ತಿತ್ತು. ಮೆತ್ತಗೆ ಹೇಳಿದಳು.

ನನ್ನನ್ನು ಬೈಯಿರಿ, ನಾನು ಬೈಸಿಕೊಳ್ಳಲೆಂದೇ ಬರೆಯುತ್ತಿದ್ದೇನೆ. ಆದರೆ ಆ ಹೆಂಗಸರನ್ನೂ ನಾನು ಬಿಡುವುದಿಲ್ಲ. ಅರಿಶಿಣಕ್ಕೆ ಸುಣ್ಣ ಸೋಕಿದರೆ ಕೆಂಪಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಅದೇ ಬೆಳಗ್ಗೆ, ಅದೇ ಅಂಗಳದಲ್ಲಿ, ಅದೇ ನಿಂಗವ್ವ ಅರಿಶಿಣದ ನೀರಿಗೆ ಸುಣ್ಣ ಕದಡಿ ಆರತಿಯ ಕೆಂಪು ನೀರು ಮಾಡಿದ್ದಳು! ಅದನ್ನು ತಟ್ಟೆಯಲ್ಲಿಟ್ಟು ಮದುಮಗಳಿಗೆ ನಿವಾಳಿಸಿದ್ದರು. ತಟ್ಟೆಯಲ್ಲಿದ್ದರೆ ಕೆಂಪು ಶುಭ, ನಮ್ಮ ಅಕ್ಕ ತೊಳೆದ ಸೀರೆಯ ಮೇಲೆ ಬಂದರೆ ಮೈಲಿಗೆ. ಅಲ್ಲಿದ್ದ ಇಪ್ಪತ್ತು ಹೆಂಗಸರಲ್ಲಿ ಒಬ್ಬಳಿಗಾದರೂ ಇದು ಹೊಳೆಯಬಾರದಿತ್ತೇ? ಹೊಳೆದಿರುತ್ತದೆ ಎಂದೇ ನನ್ನ ಅನುಮಾನ. ಹೊಳೆದೂ ಸುಮ್ಮನಿದ್ದರು, ನನ್ನ ಹಾಗೆ. ತಾಯಿಯಿಲ್ಲದ, ಮದುವೆಯಾಗದೆ ತವರಲ್ಲೇ ಕೂತ ಹುಡುಗಿಯ ಮೇಲೆ ಹೊರಿಸಿದರೆ ಕೇಳುವವರು ಯಾರು?

ಹುಡುಗಿಗೆ ಬೇರೆ ಸೀರೆ ಅದ್ದಿದರು, ಮದುವೆ ನಡೆಯಿತು. ನಾನು ಅಲ್ಲೇ ಉಳಿದು ಊಟ ಮಾಡಿದೆ. ಹೌದು, ಊಟ ಮಾಡಿದೆ. ಎರಡು ಸಲ ಹೂರಣದ ಹೋಳಿಗೆ ಹಾಕಿಸಿಕೊಂಡದ್ದು ನೆನಪಿದೆ.

ಮನೆಗೆ ಹೋದಾಗ ಅಕ್ಕ ಅಂಗಳ ಸಾರಿಸುತ್ತಿದ್ದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಮರುದಿನ ನಿಂಗವ್ವ ತಾನು ಅಕ್ಕನಿಂದ ಒಯ್ದಿದ್ದ ಪಾತ್ರೆ ಪುಡಿಯ ಡಬ್ಬಿಯನ್ನು ತಂದು ನಮ್ಮ ಹೊಸ್ತಿಲ ಮುಂದೆ ಬೋರಲು ಹಾಕಿ ಹೋದಳು. ಅಕ್ಕ ಬಾರಿಗೆ ತಂದು ಗುಡಿಸಿದಳು. ಆಮೇಲೆ ಗಿಂಡಿ ಹಿಡಿದು ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಕಿತ್ತೂರಿನ ಮುದುಕಿ ಬಂದಾಗ ಅಕ್ಕ ಬರೀ ಒಂದು ಬೊಗಸೆ ಕಾಯಿ ಕೊಂಡಳು. ‘ಯಾಕ ತಂಗೀ, ಇಷ್ಟ ಸಾಕಾ?’ ಎಂದು ಮುದುಕಿ ಕೇಳಿದರೆ, ‘ಮನಿಮಟ್ಟಿಗೆ ಸಾಕಬೇ’ ಎಂದಳು. ಆ ಕಾಯಿಯನ್ನು ಒಡೆಯಲು ನಾನು ಕಲ್ಲು ತೆಗೆದುಕೊಂಡು ಕೂತೆ. ಅಕ್ಕ ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅಷ್ಟೇ ಅವಳು ಕೊಟ್ಟ ಶಿಕ್ಷೆ. ಇಂದಿಗೂ, ಅವಳಿಗೆ ಎಪ್ಪತ್ತು ದಾಟಿ ಬೆನ್ನು ಬಾಗಿದ್ದರೂ, ನನ್ನ ಕೈಗೆ ಒಂದು ಅಂಟುವಾಳಕಾಯಿ ಕೊಡುವುದಿಲ್ಲ.

ಒಂದು ಸಲ ತಪ್ಪಿದವರಿಗೆ ಇನ್ನೊಂದು ಸಲ ಅವಕಾಶ ಸಿಗುತ್ತದೆ. ನನಗೂ ಸಿಕ್ಕಿತು. ನಾಲ್ಕು ವರ್ಷದ ಮೇಲೆ ರಾಮದುರ್ಗದ ಕಡೆಗೆ ನನ್ನ ಮದುವೆ ಗೊತ್ತಾಯಿತು. ಅರಿಶಿಣ ಹಚ್ಚುವ ದಿನ ನಿಂಗವ್ವ ದೊಡ್ಡವಳಾಗಿ ಮುಂದೆ ನಿಂತು, ‘ನೀಲವ್ವಾ, ನೀ ಅರಿಶಿಣದ ಬಟ್ಟಲಾ ಮುಟ್ಟಬ್ಯಾಡವಾ, ಆ ಸೀರಿದು ನೆನಪೈತೆಲ್ಲ’ ಎಂದಳು. ನನ್ನನ್ನು ಹೊತ್ತು ತಿರುಗಿ ಸಾಕಿದವಳಿಗೆ, ನಮ್ಮದೇ ಮನೆಯಲ್ಲಿ! ಅಕ್ಕ ಒಳಗೆ ಹೋದಳು. ನನ್ನ ಕೆನ್ನೆಗೆ ಯಾರು ಯಾರೋ ಅರಿಶಿಣ ಹಚ್ಚುತ್ತಿದ್ದಾಗ ಹಿತ್ತಲಿನಿಂದ ಅಕ್ಕ ಕೊಪ್ಪರಿಗೆ ತಿಕ್ಕುವ ಸಪ್ಪಳ ಕೇಳುತ್ತಿತ್ತು. ಕೂತ ಮಣೆಯಿಂದ ಎದ್ದು ಹೇಳಿಬಿಡಬೇಕು ಅನ್ನಿಸಿತು. ಬೀಗರು ಏನೆಂದಾರು ಅನ್ನಿಸಿತು. ಹದಿನಾಲ್ಕರಲ್ಲಿ ಹೆದರಿಕೆ ಎಂದು ಹೇಳಬಹುದು. ಹದಿನೆಂಟರಲ್ಲಿ ಅದನ್ನು ಏನೆಂದು ಕರೆಯಲಿ? ಈ ಎರಡನೆಯದೇ ನನ್ನನ್ನು ಹೆಚ್ಚು ಸುಡುತ್ತದೆ.

ಮತ್ತೆರಡು ವರ್ಷಕ್ಕೆ ಚೊಚ್ಚಲ ಬಾಣಂತನಕ್ಕೆ ಮುರಗೋಡಕ್ಕೆ ಬಂದೆ. ಮಗು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಅಕ್ಕ ಹಿತ್ತಲ ಕಲ್ಲಿನ ಮೇಲೆ ಕೂತು ಮಗುವಿನ ಅರಿವೆ ತೊಳೆಯುತ್ತಿದ್ದಳು. ಒಂದೊಂದನ್ನೂ ಹಿಂಡಿ, ಮೂಸಿ, ಮತ್ತೆ ನೀರಿಗೆ ಹಾಕಿ, ಮತ್ತೆ ಮೂಸಿ. ಚರ್ಮ ಸುಲಿದ ಆ ಬೆರಳುಗಳನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ.

‘ಅಕ್ಕಾ, ಆ ಸೀರಿಗೆ ಬೂದಿ ನೀರು ಹಾಕಿದಾಕಿ ನಾನ.’

ಅವಳು ಕೈ ನಿಲ್ಲಿಸಲಿಲ್ಲ. ‘ಗೊತ್ತೈತಿ.’

‘ಅಂಟವಾಳ ನೀರು ನಾ ತಲಿಗೆ...’

‘ಅದೂ ಗೊತ್ತೈತಿ. ನಿನ್ನ ತಲಿ ಮುಟ್ಟಿದಾಕಿ ನಾನ ಅಲ್ಲೇನು?’ ಅರಿವೆಯನ್ನು ಕಲ್ಲಿನ ಮೇಲೆ ಬಡಿದಳು. ಮೊದಲ ಸಲ ಅವಳ ದನಿ ಏರಿತು. ‘ಆರು ವರ್ಷ ಆತು, ನನಗ ಹೇಳಾಕ ಬಂದೀ ಈಗ! ನನಗ್ಯಾಕ ಹೇಳತಿ? ಗೊತ್ತಿದ್ದವರಿಗೆ ಹೇಳಿ ಹಗುರ ಆಗ್ತೀಯೇನು? ಗೊತ್ತಿಲ್ಲದವರಿಗೆ ಹೇಳು, ಹೋಗು. ಬಾಯಿ ಇದ್ರ ಅಲ್ಲಿ ತಗಿ.’

ನಾನು ಎದ್ದೆ. ತಲೆಗೆ ಕಟ್ಟಿದ ಅರಿವೆ, ಹೊಟ್ಟೆಗೆ ಬಿಗಿದ ಪಟ್ಟಿ, ಬಾಣಂತಿಯ ಅದೇ ವೇಷದಲ್ಲಿ ಬೀದಿಗೆ ಇಳಿದೆ. ‘ಏ ಹುಚ್ಚೀ, ಬಿಸಿಲಾಗ ಎಲ್ಲಿಗೆ?’ ಎಂದು ಅಕ್ಕ ಮಗುವನ್ನು ಎತ್ತಿಕೊಂಡು ಹಿಂದೆ ಓಡಿ ಬಂದಳು. ಅಂಬಕ್ಕನ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಶಾವಿಗೆ ಹೊಸೆಯುತ್ತಿದ್ದರು. ಅಕ್ಕನಿಗೆ ಮಾತ್ರ ಕರೆ ಇರಲಿಲ್ಲ.

‘ಅಯ್ಯ, ಹಸೀ ಬಾಣಂತಿ!’ ಎಂದು ಅಂಬಕ್ಕ ಎದ್ದು ನಿಂತಳು.

‘ಅಂಬಕ್ಕಾ, ನಿಮ್ಮ ಅತ್ತಿ ಸೀರಿ ಕೆಡಿಸಿದಾಕಿ ನಾನರಿ. ಸೀರಿ ತೊಳದ ದಿನ ಅಕ್ಕ ಊರಾಗ ಇರಲಿಲ್ಲ. ಅಂಟವಾಳ ನೀರು ನಾ ನನ್ನ ತಲಿಗೆ ಸುರಕೊಂಡು, ಸೀರಿನ ಬೂದಿ ನೀರಾಗ ಅದ್ದಿದೆ. ಅದಕ್ಕ ಕೆಂಪಾತು. ಆಕಿ ಮುಟ್ಟಾಗಿರಲಿಲ್ಲ, ಏನೂ ಆಗಿರಲಿಲ್ಲ.’

ಶಾವಿಗೆಯ ಕೈಗಳು ನಿಂತವು. ಅಂಬಕ್ಕ ಮುಖ ತಿರುಗಿಸಿ, ‘ಆಗಿದ್ದು ಆಗಿ ಹೋತು ಬಿಡವಾ. ಈಗ್ಯಾಕ ಅದು?’ ಎಂದಳು.

‘ಅಕ್ಕನ ಮಾನಾ ಉಳಸಾಕ ಕತಿ ಕಟ್ಟಾಕಹತ್ತ್ಯಾಳ’ ಎಂದಳು ನಿಂಗವ್ವ, ಹಿಟ್ಟಿನಿಂದ ಕಣ್ಣು ಎತ್ತದೆ.

‘ಕತಿ ಕಟ್ಟಿದವರು ನೀವು ನಿಂಗವ್ವಾ!’ ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ‘ಆಕಿ ಹಿತ್ತಲದಾಗ ಕುಂತಿದ್ದು ಎರಡು ವಾರದ ಹಿಂದ. ನಿಮಗ ಅದು ಗೊತ್ತಿತ್ತು. ಬಾಯಿಗೆ ಬಂದದ್ದು ಅಂದ್ರಿ, ನಾ ಸುಮ್ಮನ ನಿಂತೆ. ನೀವೂ ನಾನೂ ಕೂಡೇ ಆಕಿನ್ನ ಓಣ್ಯಾಗಿಂದ ಹೊರಗ ಹಾಕಿದಿವಿ. ಹಂಗಂತ ಒಪ್ಪಿಕೊಳ್ರಿ, ಇಲ್ಲಾ ಬಿಡ್ರಿ. ನಾ ಒಪ್ಪಿಕೊಂಡೇನಿ.’

ಒಬ್ಬಳು ಸುಮ್ಮನೆ ಸರಿದು ಮಣೆಯ ಮೇಲೆ ಜಾಗ ಮಾಡಿದಳು. ಅದು ಯಾರಿಗೆಂದು ಅವಳೂ ಹೇಳಲಿಲ್ಲ. ಬಾಗಿಲಲ್ಲಿ ಅಕ್ಕ ಮಗುವಿನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಹಿಡಿದು ನಿಂತಿದ್ದಳು. ‘ಸಾಕು, ನಡಿ ಮನಿಗೆ’ ಎಂದಳು. ಸಿಟ್ಟಿಗೆ ಹೇಳಿದಳೋ, ಮತ್ತೊಂದಕ್ಕೋ, ನನಗೆ ತಿಳಿಯಲಿಲ್ಲ. ನಾನು ನಡೆಯಲಿಲ್ಲ. ಅಷ್ಟೂ ಜನರಿಗೆ ಕೇಳುವ ಹಾಗೆ ಹೇಳಿದೆ:

‘ಅಕ್ಕಾ, ಅವತ್ತ ಇಲ್ಲೇ ನಿಂತು ಬಾಯಿ ಮುಚ್ಚಿಕೊಂಡೆ. ನನ್ನ ಮದುವ್ಯಾಗೂ ಬಾಯಿ ಮುಚ್ಚಿಕೊಂಡು ಅರಿಶಿಣ ಹಚ್ಚಿಸಿಕೊಂಡೆ. ಎರಡೂ ನನ್ನ ತಪ್ಪು. ತಪ್ಪಾತು ಅಕ್ಕಾ. ಹೊಟ್ಟ್ಯಾಗ ಹಾಕ್ಕೋ.’